ಒಸಡಿನ ಮೇಲೆ ಬೆಳೆದ ಗಂಟು: ಕತ್ತರಿಸಿದರೆ ಹರಡುತ್ತದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 32 ವರ್ಷ, ಊರು ದಾವಣಗೆರೆ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಒಸಡಿನಿಂದ ಒಂದು ಕೆಂಪು ಗಂಟು ಎದ್ದಿದೆ. ಮೂರು ತಿಂಗಳಲ್ಲಿ ಕಡಲೆಕಾಳಿನಷ್ಟಾಗಿದೆ. ನೋವಿಲ್ಲ, ಆದರೆ ಬ್ರಶ್ ತಾಗಿದರೆ ಸಾಕು, ರಕ್ತ. ಇಲ್ಲಿನ ಡೆಂಟಿಸ್ಟ್ ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರು. ಆ ಮಾತು ಕೇಳಿದಾಗಿನಿಂದ ನಿದ್ದೆ ಇಲ್ಲ. ನಮ್ಮ ಅತ್ತೆ, ದುರ್ಮಾಂಸಕ್ಕೆ ಕತ್ತರಿ ಹಾಕಿಸಬಾರದು, ಹರಡುತ್ತದೆ ಅಂತಾರೆ. ಅಕ್ಕನ ಸ್ನೇಹಿತೆಗೆ ತೆಗೆಸಿದ ಮೇಲೂ ಮತ್ತೆ ಬಂತಂತೆ. ಮಾತ್ರೆಯಲ್ಲೇ ಕರಗಿಸಲು ಆಗುವುದಿಲ್ಲವಾ? ಇನ್ನೊಂದು ವಿಷಯ. ಅತ್ತೆಗೂ ಈಗ ಒಸಡು ಎಲ್ಲಾ ಕಡೆ ದಪ್ಪ ಆಗುತ್ತಿದೆ. ಅವರು ಬಿಪಿ ಮಾತ್ರೆ ತಗೋತಾರೆ. ಇದು ಅಂಟುವ ಕಾಯಿಲೆಯಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಇಲ್ಲ. ನಿಮ್ಮಿಂದ ಅವರಿಗೆ ಅಂಟಿಲ್ಲ, ಅವರಿಂದ ನಿಮಗೂ ಇಲ್ಲ. ಅವರದ್ದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗಂಟಿನ ವಿಷಯ. ನೀವು ಬರೆದ ಲಕ್ಷಣ ನೋಡಿದರೆ ಇದು ಕ್ಯಾನ್ಸರ್ ಅಲ್ಲದ ಗಂಟು ಇರುವ ಸಾಧ್ಯತೆಯೇ ತುಂಬಾ ಜಾಸ್ತಿ. ಹಾಗಿದ್ದರೂ ನಿಮ್ಮ ಡೆಂಟಿಸ್ಟ್ ಹೇಳಿದ್ದು ಸರಿ. ತೆಗೆಸಬೇಕು, ತೆಗೆದದ್ದನ್ನು ಲ್ಯಾಬಿಗೆ ಕಳಿಸಬೇಕು. ಈ ಎರಡು ಮಾತು ಒಂದಕ್ಕೊಂದು ವಿರುದ್ಧ ಅಂತ ನಿಮಗೆ ಅನ್ನಿಸುತ್ತಿದೆ, ಅದಕ್ಕೇ ನಿದ್ದೆ ಹೋಗಿದೆ. ವಿರುದ್ಧ ಅಲ್ಲ.

ಒಸಡಿನ ಮೇಲೆ ಏಳುವ ಗಂಟುಗಳಲ್ಲಿ ಹೆಚ್ಚಿನವು ನಿಜವಾದ ಗಡ್ಡೆಗಳೇ ಅಲ್ಲ. ಅಲ್ಲಿ ಏನೋ ಒಂದು ದಿನವೂ ಕೆರಳಿಸುತ್ತಿರುತ್ತದೆ. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಪಾಚಿ, ಅಂಚು ಸರಿಯಿಲ್ಲದ ಫಿಲ್ಲಿಂಗ್, ಸಡಿಲ ಕ್ಯಾಪ್, ಸಿಕ್ಕಿಕೊಂಡ ಮೀನಿನ ಮುಳ್ಳಿನ ಚೂರು, ಕ್ಲಿಪ್ ಹಾಕಿಸಿಕೊಂಡವರಲ್ಲಿ ತಂತಿಯ ತುದಿ, ಹೀಗೆ. ಮೈ ಅದನ್ನು ಗಾಯ ಅಂತ ತಿಳಿದು ವಾಸಿ ಮಾಡಲು ಹೊರಡುತ್ತದೆ. ಹೊಸ ರಕ್ತನಾಳ ಕಟ್ಟುತ್ತದೆ, ನಾರು ಕಟ್ಟುತ್ತದೆ. ಆದರೆ ಕೆರಳಿಸುವ ವಸ್ತು ಅಲ್ಲೇ ಇರುವುದರಿಂದ ಈ ರಿಪೇರಿ ಕೆಲಸ ಮುಗಿಯುವುದೇ ಇಲ್ಲ, ಮಾಂಸ ಬೆಳೆಯುತ್ತಾ ಹೋಗುತ್ತದೆ. ಎರಡು ಹಲ್ಲಿನ ನಡುವಿನ ತ್ರಿಕೋನದ ಒಸಡಿನಲ್ಲೇ ಇವು ಜಾಸ್ತಿ ಕಾಣಿಸುವುದು ಯಾಕೆ ಅಂದರೆ ಬ್ರಶ್ ಸರಿಯಾಗಿ ತಲುಪದ ಜಾಗವೂ ಅದೇ, ಪಾಚಿ ಕೂರುವ ಜಾಗವೂ ಅದೇ.

ಈ ಗುಂಪಿನಲ್ಲಿ ಮುಖ್ಯವಾಗಿ ನಾಲ್ಕು ಗಂಟುಗಳು ಬರುತ್ತವೆ. ನಿಮ್ಮದು ನೋಡಲು ಪಯೋಜೆನಿಕ್ ಗ್ರಾನ್ಯುಲೋಮಾ ತರಹ ಇದೆ. ಕೆಂಪು, ಮೆತ್ತಗೆ, ಬೇಗ ಬೆಳೆಯುವುದು, ಮುಟ್ಟಿದರೆ ರಕ್ತ, ನೋವು ಇಲ್ಲದಿರುವುದು. ಬಾಯಿಯೊಳಗೆ ಇದು ಎಲ್ಲಿ ಬೇಕಾದರೂ ಬರಬಹುದು, ಆದರೆ ನಾಲ್ಕರಲ್ಲಿ ಮೂರು ಪಾಲು ಒಸಡಿನಲ್ಲೇ. ಹೆಂಗಸರಲ್ಲಿ ಜಾಸ್ತಿ, ಮೇಲಿನ ಮುಂದಿನ ಹಲ್ಲುಗಳ ಹತ್ತಿರ ಜಾಸ್ತಿ. ಒಳಗೆ ಇರುವುದು ಸಣ್ಣ ಸಣ್ಣ ರಕ್ತನಾಳಗಳ ಗೊಂಚಲು, ಅದಕ್ಕೇ ಆ ಬಣ್ಣ, ಅದಕ್ಕೇ ಆ ರಕ್ತ. ಕೀವು ಇರುವುದಿಲ್ಲ. ಹಾಗಾಗಿ ಮೆಡಿಕಲ್ ಶಾಪಿನಿಂದ ಐದು ದಿನಕ್ಕೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ತಂದು ನುಂಗಿದರೆ ಏನೂ ಆಗುವುದಿಲ್ಲ. ನಿಮ್ಮ ಮಾತ್ರೆಯ ಪ್ರಶ್ನೆಗೂ ಇದೇ ಉತ್ತರ. ಇದನ್ನು ಕರಗಿಸುವ ಮಾತ್ರೆ ಇಲ್ಲ.

ಎರಡನೆಯದು ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮಾ. ಹೆಸರು ಕೇಳಿ ಹೆದರಬೇಡಿ. ಸ್ವಲ್ಪ ಗಟ್ಟಿ, ಒಸಡಿನ ಬಣ್ಣ ಅಥವಾ ತಿಳಿಗೆಂಪು, ಒಳಗೆ ಅಲ್ಲಲ್ಲಿ ಎಲುಬಿನಂಥ ಚೂರುಗಳು. ಹತ್ತರಿಂದ ಇಪ್ಪತ್ತರ ವಯಸ್ಸಿನವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಹೆಚ್ಚು. ಇದು ಒಸಡು ಬಿಟ್ಟು ಬೇರೆಲ್ಲೂ ಬರುವುದಿಲ್ಲ, ಯಾಕೆಂದರೆ ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿಯುವ ನಾರುಗಳ ಜೀವಕೋಶಗಳಿಂದ ಹುಟ್ಟುತ್ತದೆ ಅಂತ ಭಾವಿಸಲಾಗಿದೆ. ಮೂರನೆಯದು ಜೈಂಟ್ ಸೆಲ್ ಗ್ರಾನ್ಯುಲೋಮಾ. ನೀಲಿ ಕಲೆಸಿದ ಕೆಂಪು ಬಣ್ಣ, ನಲವತ್ತು ಐವತ್ತು ದಾಟಿದವರಲ್ಲಿ ಹೆಚ್ಚು, ಕೆಲವೊಮ್ಮೆ ಹಲ್ಲು ಕೀಳಿಸಿದ ಜಾಗದಲ್ಲೂ ಬರುತ್ತದೆ, ಕೆಳಗಿನ ಎಲುಬನ್ನು ಸ್ವಲ್ಪ ಸವೆಸಿರಲೂಬಹುದು. ನಾಲ್ಕನೆಯದು ಸಾದಾ ಫೈಬ್ರೋಮಾ, ಅಂದರೆ ಬರೀ ನಾರಿನ ಗಂಟು. ಇದು ವರ್ಷಗಟ್ಟಲೆ ಅಷ್ಟೇ ಗಾತ್ರದಲ್ಲಿ ಸುಮ್ನೆ ಕೂತಿರುತ್ತದೆ.

ಈಗ ಮುಖ್ಯವಾದ ಮಾತು. ಈ ನಾಲ್ಕನ್ನು ಬರಿಗಣ್ಣಿನಿಂದ ಖಚಿತವಾಗಿ ಬೇರೆ ಮಾಡಲು ಎಷ್ಟು ಅನುಭವ ಇರುವ ಡಾಕ್ಟರಿಗೂ ಆಗುವುದಿಲ್ಲ. ಹಳೆಯದಾದ ಪಯೋಜೆನಿಕ್ ಗ್ರಾನ್ಯುಲೋಮಾ ನಾರು ಕಟ್ಟಿ ಗಟ್ಟಿಯಾಗಿ, ಬಣ್ಣ ಕಳೆದುಕೊಂಡು ಫೈಬ್ರೋಮಾದ ಹಾಗೇ ಕಾಣಿಸುತ್ತದೆ. ಗಂಟಿನ ಮೇಲೆ ಎದುರಿನ ಹಲ್ಲು ತಾಗಿ ಹುಣ್ಣಾಗಿದ್ದರೆ ಇನ್ನೂ ಕಷ್ಟ. ಅಪರೂಪಕ್ಕೆ ಒಸಡಿನ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ, ಇನ್ನೂ ಅಪರೂಪಕ್ಕೆ ಶ್ವಾಸಕೋಶ, ಸ್ತನ, ಕಿಡ್ನಿಯ ಕ್ಯಾನ್ಸರಿನ ಬೀಜ ಒಸಡಿಗೆ ಬಂದು ಕೂತು ಸಾಮಾನ್ಯ ಗಂಟಿನಂತೆ ಕಾಣಿಸಿದ ಉದಾಹರಣೆಗಳಿವೆ. ಹೆಸರು ಕೊಡುವುದು ಸೂಕ್ಷ್ಮದರ್ಶಕ, ಡಾಕ್ಟರ ಕಣ್ಣಲ್ಲ. ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಇದೇನು ಹೇಳಿ ಅನ್ನುವವರಿಗೂ ನನ್ನ ಉತ್ತರ ಇದೇ, ಬೇಸರ ಮಾಡಿಕೊಳ್ಳಬೇಡಿ.

ಹಾಗಾಗಿ ಬಯಾಪ್ಸಿ ಬರೆದುಕೊಟ್ಟರು ಅಂದರೆ ಡಾಕ್ಟರಿಗೆ ಕ್ಯಾನ್ಸರ್ ಅನುಮಾನ ಬಂದಿದೆ ಅಂತ ಅರ್ಥ ಅಲ್ಲ. ಒಸಡಿನಿಂದ ತೆಗೆದ ಯಾವ ಮಾಂಸವೇ ಆಗಲಿ ಲ್ಯಾಬಿಗೆ ಹೋಗಬೇಕು ಅನ್ನುವುದು ನಮ್ಮ ಪದ್ಧತಿ. ಇಲ್ಲಿ ಇನ್ನೊಂದು ತಿಳಿದುಕೊಳ್ಳಿ. ಬಯಾಪ್ಸಿ ಎರಡು ತರಹ ಇರುತ್ತದೆ. ಗಂಟು ದೊಡ್ಡದಿದ್ದರೆ ಅಥವಾ ನೋಡಲು ಅನುಮಾನ ಬರುವಂತಿದ್ದರೆ ಮೊದಲು ಒಂದು ಚೂರು ಮಾತ್ರ ತೆಗೆದು ಪರೀಕ್ಷಿಸಿ, ರಿಪೋರ್ಟ್ ಬಂದ ಮೇಲೆ ಮುಂದಿನ ಯೋಚನೆ. ನಿಮ್ಮದರಂಥ ಸಣ್ಣ ಗಂಟಾದರೆ ಪೂರ್ತಿ ತೆಗೆದು ಪೂರ್ತಿ ಕಳಿಸುತ್ತಾರೆ. ಅಂದರೆ ನಿಮಗೆ ಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಒಂದೇ ದಿನ, ಒಂದೇ ಇಂಜೆಕ್ಷನ್ನಿನಲ್ಲಿ ಮುಗಿಯುತ್ತದೆ. ಬಯಾಪ್ಸಿಗೆ ಹೆದರಿ ಆಪರೇಶನ್ ಮುಂದೂಡುವುದರಲ್ಲಿ ಏನು ಲಾಭ ಹೇಳಿ?

ಕತ್ತರಿ ತಾಗಿದರೆ ಹರಡುತ್ತದೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಊಹಿಸಬಹುದು. ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಬಹಳ. ಎಲೆ ಅಡಿಕೆ, ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ, ಎಲ್ಲ ಮನೆಯಲ್ಲೂ ಯಾರೋ ಒಬ್ಬರ ಕಥೆ ಇರುತ್ತದೆ. ಹಿಂದೆ ಜನ ಆಸ್ಪತ್ರೆಗೆ ಬರುತ್ತಿದ್ದುದೇ ಕಾಯಿಲೆ ಕುತ್ತಿಗೆಯ ಗಂಟುಗಳಿಗೆ ಇಳಿದ ಮೇಲೆ. ಆಗ ಬಯಾಪ್ಸಿ ಆಯಿತು, ಆರು ತಿಂಗಳಲ್ಲಿ ಮನುಷ್ಯ ಹೋದ. ನೋಡಿದವರಿಗೆ ಕತ್ತರಿಯೇ ಕಾರಣ ಅನ್ನಿಸಿತು. ನಿಜವಾಗಿ ಕೊಂದದ್ದು ತಡ. ಕ್ಯಾನ್ಸರ್ ಅಲ್ಲದ ಗಂಟನ್ನು ಕತ್ತರಿಸಿದರೆ ಅದು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಕ್ಯಾನ್ಸರೇ ಆಗಿದ್ದರೆ ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರುವೇ ಆಗುವುದಿಲ್ಲ. ಅತ್ತೆಯವರಿಗೆ ಇದನ್ನು ನಿಧಾನವಾಗಿ ಹೇಳಿ, ಜಗಳ ಬೇಡ.

ಹಾಗೇ ಇನ್ನೊಂದು ಎಚ್ಚರಿಕೆ. ನರುಳ್ಳೆಗೆ ಕುದುರೆ ಬಾಲದ ಕೂದಲು ಕಟ್ಟಿ ಉದುರಿಸುವುದು, ಸುಣ್ಣ ಹಚ್ಚಿ ಸುಡುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ದಯವಿಟ್ಟು ಒಸಡಿಗೆ ಈ ಪ್ರಯೋಗ ಬೇಡ. ದಾರ ಬಿಗಿದರೆ ಮೇಲಿನ ತುದಿ ಉದುರಬಹುದು, ಬುಡ ಅಲ್ಲೇ ಉಳಿದು ಮತ್ತೆ ಚಿಗುರುತ್ತದೆ, ಲ್ಯಾಬಿಗೆ ಕಳಿಸಲು ಚೂರೂ ಸಿಗುವುದಿಲ್ಲ. ಸುಣ್ಣವಂತೂ ಒಸಡನ್ನೇ ಸುಡುತ್ತದೆ. ಲವಂಗದ ಎಣ್ಣೆಯನ್ನು ನೇರವಾಗಿ ಒಸಡಿಗೆ ಸುರಿದುಕೊಂಡು ಬಿಳಿ ಸುಟ್ಟ ಗಾಯ ಮಾಡಿಕೊಂಡು ಬರುವವರೂ ಇದ್ದಾರೆ.

ಒಳ್ಳೆಯ ಡೆಂಟಿಸ್ಟ್ ಕತ್ತರಿ ಹಿಡಿಯುವ ಮೊದಲು ಕೆಲವು ಕೆಲಸ ಮಾಡಿರಬೇಕು. ಮೊದಲನೆಯದು ಎಕ್ಸ್‌ರೇ. ಆ ಎರಡು ಹಲ್ಲುಗಳ ಸಣ್ಣ ಫಿಲ್ಮ್ ಸಾಕು. ಎಲುಬು ಸವೆದಿದೆಯಾ, ಗಂಟಿನೊಳಗೆ ಎಲುಬಿನ ಚೂರು ಕಾಣುತ್ತದಾ, ಹಲ್ಲಿನ ಬೇರಿನ ತುದಿಯಲ್ಲಿ ಕೀವಿನ ಕಪ್ಪು ನೆರಳು ಇದೆಯಾ ಅಂತ ನೋಡುತ್ತಾರೆ. ಈ ಕೊನೆಯದು ಬಹಳ ಮುಖ್ಯ. ಯಾಕೆಂದರೆ ಒಸಡಿನ ಮೇಲೆ ಮೊಡವೆಯಂತೆ ಎದ್ದು, ಒಡೆದು ಕೀವು ಸುರಿದು, ಚಪ್ಪಟೆಯಾಗಿ, ಮತ್ತೆ ತುಂಬಿಕೊಳ್ಳುವ ಒಂದು ಗುಳ್ಳೆ ಇದೆ. ಅದು ಸತ್ತ ಹಲ್ಲಿನ ಕೀವು ಹೊರಗೆ ಬರುವ ಬಾಗಿಲು, ಅಷ್ಟೇ. ಅದನ್ನು ಕತ್ತರಿಸಿ ಪ್ರಯೋಜನ ಇಲ್ಲ. ಹಲ್ಲಿಗೆ ರೂಟ್ ಕೆನಾಲ್ ಮಾಡಿದರೆ, ಇಲ್ಲ ಆ ಹಲ್ಲು ಕಿತ್ತರೆ, ತಾನೇ ಮುಚ್ಚಿಕೊಳ್ಳುತ್ತದೆ. ಗುಳ್ಳೆಯ ತೂತಿನೊಳಗೆ ರೂಟ್ ಕೆನಾಲಿಗೆ ಬಳಸುವ ಮೆತ್ತನೆಯ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರೆ ಯಾವ ಹಲ್ಲು ಅಪರಾಧಿ ಅಂತ ಅದೇ ತೋರಿಸುತ್ತದೆ. ನಿಮ್ಮ ಗಂಟು ಹಾಗೆ ಏರಿಳಿಯುತ್ತಿಲ್ಲ ಅಂತ ಕಾಣುತ್ತದೆ, ಆದರೂ ಡಾಕ್ಟರಿಗೆ ಹೇಳಿ.

ಎರಡನೆಯದು, ಗಂಟನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಒತ್ತಿದರೆ ಪೂರ್ತಿ ಬಿಳುಚಿಕೊಂಡು, ಬಿಟ್ಟ ಕೂಡಲೇ ತುಂಬಿಕೊಳ್ಳುತ್ತದಾ, ನಾಡಿಯಂತೆ ಬಡಿಯುತ್ತದಾ? ಹಾಗಿದ್ದರೆ ಅದು ದೊಡ್ಡ ರಕ್ತನಾಳದ ತೊಂದರೆ ಇರಬಹುದು. ಅದಕ್ಕೆ ಸ್ಕ್ಯಾನ್ ಆಗದೆ ಡೆಂಟಲ್ ಕುರ್ಚಿಯ ಮೇಲೆ ಕತ್ತರಿ ಹಾಕಬಾರದು. ಅಪರೂಪ, ಆದರೆ ಮರೆಯುವಂಥದ್ದಲ್ಲ. ಮೂರನೆಯದು ರಕ್ತ ಪರೀಕ್ಷೆ. ಸಾದಾ ಸಿಬಿಸಿ (ರಕ್ತಕಣಗಳ ಎಣಿಕೆ), ಶುಗರ್, ರಕ್ತ ಹೆಪ್ಪುಗಟ್ಟುವ ಸಮಯ. ಕೆಲವರು ಇದನ್ನು ದುಡ್ಡು ಮಾಡುವ ದಾರಿ ಅಂದುಕೊಳ್ಳುತ್ತಾರೆ, ಅಲ್ಲ. ಒಸಡು ಒಂದು ಕಡೆ ಅಲ್ಲದೆ ಬಾಯಿ ತುಂಬಾ ಊದಿಕೊಂಡು, ತಾನಾಗಿ ರಕ್ತ ಒಸರುತ್ತಾ, ಜೊತೆಗೆ ಜ್ವರ, ಸುಸ್ತು, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ ಇದ್ದರೆ ಅದು ರಕ್ತದ ಕ್ಯಾನ್ಸರಿನ ಮೊದಲ ಲಕ್ಷಣವೂ ಆಗಿರಬಹುದು. ಕೆಲವು ಬಗೆಯ ಲ್ಯುಕೀಮಿಯಾದಲ್ಲಿ ಕಾಯಿಲೆ ಮೊದಲು ತೋರಿಸಿಕೊಳ್ಳುವುದೇ ಒಸಡಿನಲ್ಲಿ. ಅಂಥವರಿಗೆ ಸಿಬಿಸಿ ನೋಡದೆ ಕ್ಲೀನಿಂಗ್ ಮಾಡಿದರೂ ರಕ್ತ ನಿಲ್ಲಿಸುವುದು ಕಷ್ಟ.

ನೀವು ಬರೆದಿಲ್ಲ, ಆದರೆ ಕೇಳಲೇಬೇಕಾದದ್ದು. ಈಗ ಗರ್ಭಿಣಿಯಾ? ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದೀರಾ? ಗರ್ಭಿಣಿಯರ ಒಸಡಿನಲ್ಲಿ ಇದೇ ಪಯೋಜೆನಿಕ್ ಗ್ರಾನ್ಯುಲೋಮಾ ಏಳುವುದು ಹೊಸದೇನಲ್ಲ, ನೂರರಲ್ಲಿ ಐದು ಜನರವರೆಗೂ ಬರಬಹುದು ಅನ್ನುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳು ಮುಗಿಯುವ ಹೊತ್ತಿಗೆ ಶುರುವಾಗಿ, ಹೆರಿಗೆಯವರೆಗೆ ಬೆಳೆದು, ಆಮೇಲೆ ಹಾರ್ಮೋನ್ ಇಳಿದಂತೆ ಗಂಟೂ ಕುಗ್ಗುತ್ತದೆ. ಗರ್ಭಿಣಿ ಆಗಿದ್ದರೆ ನನ್ನ ಸಲಹೆ ಪೂರ್ತಿ ಬದಲಾಗುತ್ತದೆ. ಅವಸರ ಬೇಡ. ಈಗ ಬರೀ ಕ್ಲೀನಿಂಗ್ ಮಾಡಿಸಿ, ಮೆತ್ತನೆ ಬ್ರಶ್ ಬಳಸಿ, ಹೆರಿಗೆಯಾದ ಮೇಲೆ ಉಳಿದದ್ದನ್ನು ನೋಡೋಣ. ಗರ್ಭಿಣಿಯಾಗಿದ್ದಾಗ ತೆಗೆದರೆ ಮತ್ತೆ ಬರುವುದು ಜಾಸ್ತಿ. ರಕ್ತ ನಿಲ್ಲುತ್ತಲೇ ಇಲ್ಲ, ಊಟ ಮಾಡಲು ಆಗುತ್ತಿಲ್ಲ ಅಂದರೆ ಮಾತ್ರ ನಾಲ್ಕರಿಂದ ಆರನೇ ತಿಂಗಳ ನಡುವೆ ತೆಗೆಯಬಹುದು. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿನಿಂದ ಮಗುವಿಗೆ ಅಪಾಯ ಇಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡ. ಗರ್ಭಿಣಿಯರು ಹಲ್ಲಿನ ಡಾಕ್ಟರ ಹತ್ತಿರ ಹೋಗಲೇಬಾರದು ಅನ್ನುವ ನಂಬಿಕೆಯಿಂದ ಆಗುವ ತೊಂದರೆ ಇಷ್ಟಿಷ್ಟಲ್ಲ. ಪಾಚಿ ಕೂತಷ್ಟೂ ಗಂಟು ಬೆಳೆಯುತ್ತದೆ.

ಆಪರೇಶನ್ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಹೆದರಿಕೆ ಅರ್ಧ ಇಳಿಯುತ್ತದೆ. ಅಡ್ಮಿಟ್ ಆಗಬೇಕಿಲ್ಲ, ಖಾಲಿ ಹೊಟ್ಟೆಯಲ್ಲಿ ಬರುವುದೂ ಬೇಡ, ತಿಂಡಿ ತಿಂದು ಬನ್ನಿ. ಒಸಡಿಗೆ ಒಂದು ಇಂಜೆಕ್ಷನ್, ಚುಚ್ಚಿದಾಗ ಜುಮ್ ಅನ್ನುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಗಂಟನ್ನು ಸುತ್ತ ಸ್ವಲ್ಪ ಒಳ್ಳೆಯ ಒಸಡಿನ ಸಮೇತ, ಕೆಳಗೆ ಎಲುಬಿನ ಹೊದಿಕೆಯವರೆಗೂ ತೆಗೆಯುತ್ತಾರೆ. ಆಮೇಲೆ ಅಕ್ಕಪಕ್ಕದ ಹಲ್ಲುಗಳ ಬೇರನ್ನು ಕೆರೆದು ನುಣುಪು ಮಾಡುತ್ತಾರೆ. ಬೇಕಿದ್ದರೆ ಒಂದೆರಡು ಹೊಲಿಗೆ, ಮೇಲೆ ಗುಲಾಬಿ ಬಣ್ಣದ ಹಿಟ್ಟಿನಂಥ ಪ್ಯಾಕ್. ಅದು ಒಂದು ವಾರ ಇರುತ್ತದೆ. ಒಟ್ಟು ಮುಕ್ಕಾಲು ಗಂಟೆ ಹಿಡಿಯಬಹುದು.

ಲೇಸರ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಎಲ್ಲರೂ ಕೇಳುತ್ತಾರೆ. ಡಯೋಡ್ ಲೇಸರ್ ಚೆನ್ನಾಗಿಯೇ ಇದೆ. ರಕ್ತ ಕಡಿಮೆ, ಎಷ್ಟೋ ಸಲ ಹೊಲಿಗೆ ಬೇಕಿಲ್ಲ. ರಕ್ತನಾಳ ಜಾಸ್ತಿ ಇರುವ ಗಂಟಿಗೆ ಅನುಕೂಲವೇ. ಆದರೆ ಶಾಖದಿಂದ ಅಂಚಿನ ಮಾಂಸ ಸುಟ್ಟಿರುತ್ತದೆ, ಸಣ್ಣ ಗಂಟಾದರೆ ಪರೀಕ್ಷಿಸುವ ಪೆಥಾಲಜಿಸ್ಟಿಗೆ ಓದಲು ಒಳ್ಳೆಯ ಭಾಗ ಕಡಿಮೆ ಸಿಗುತ್ತದೆ. ನನಗೆ ಕೇಳಿದರೆ, ಅನುಮಾನ ಇರುವ ಗಂಟಿಗೆ ಸಾದಾ ಬ್ಲೇಡೇ ವಾಸಿ. ಲೇಸರ್ ಅನ್ನುವ ಒಂದೇ ಕಾರಣಕ್ಕೆ ಮೂರು ಪಟ್ಟು ಬಿಲ್ ಕೊಡುವ ಅಗತ್ಯ ನಿಮ್ಮ ಕಡಲೆಕಾಳು ಗಂಟಿಗಂತೂ ಇಲ್ಲ.

ತೆಗೆದ ಕೂಡಲೇ ಮಾಂಸವನ್ನು ಫಾರ್ಮಲಿನ್, ಅಂದರೆ ಅದು ಕೆಡದಂತೆ ಕಾಪಾಡುವ ದ್ರಾವಣ, ಇರುವ ಡಬ್ಬಿಗೆ ಹಾಕಬೇಕು. ನೀರಿಗೂ ಅಲ್ಲ, ಸ್ಪಿರಿಟಿಗೂ ಅಲ್ಲ. ಡಬ್ಬಿಯ ಮೇಲೆ ನಿಮ್ಮ ಹೆಸರು ಇದೆಯಾ ಅಂತ ನೀವೇ ಒಮ್ಮೆ ನೋಡಿ. ಇದನ್ನು ಕೇಳಲು ಸಂಕೋಚ ಬೇಡ. ಇದೇನಿಲ್ಲ, ಸಾದಾ ಗಂಟು, ಲ್ಯಾಬ್ ಖರ್ಚು ಯಾಕೆ ಅಂತ ಕಸದ ಬುಟ್ಟಿಗೆ ಹಾಕುವ ಕ್ಲಿನಿಕ್‌ಗಳು ಇನ್ನೂ ಇವೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಅವರ ಮಾತು ನಿಜವೇ ಆಗುತ್ತದೆ. ಉಳಿದವರಲ್ಲಿ ನೀವು ಇದ್ದರೆ?

ರಿಪೋರ್ಟ್ ಬರಲು ಸುಮಾರು ಒಂದು ವಾರ. ಎಲುಬಿನ ಚೂರು ಇದ್ದರೆ ಇನ್ನೂ ಕೆಲವು ದಿನ ಜಾಸ್ತಿ, ಅದನ್ನು ಮೆತ್ತಗೆ ಮಾಡಿ ಆಮೇಲೆ ಕೊಯ್ಯಬೇಕು. ಕೈಗೆ ಬಂದ ಕೂಡಲೇ ಗೂಗಲ್ ಮಾಡಲು ಕೂರಬೇಡಿ. ಹೈಪರ್‌ಪ್ಲಾಸಿಯಾ ಅಂತ ಇದ್ದರೆ ಹೆದರುವಂಥದ್ದು ಏನೂ ಇಲ್ಲ, ಜೀವಕೋಶಗಳ ಸಂಖ್ಯೆ ಹೆಚ್ಚಾಗಿದೆ ಅಂತ ಅಷ್ಟೇ. ಡಿಸ್‌ಪ್ಲಾಸಿಯಾ ಅಂತ ಇದ್ದರೆ ಮಾತ್ರ ಬೇರೆ ಮಾತು, ಜೀವಕೋಶಗಳ ರೂಪವೇ ಬದಲಾಗುತ್ತಿದೆ, ಅದನ್ನು ಹಿಂಬಾಲಿಸಿ ನೋಡಲೇಬೇಕು. ರಿಪೋರ್ಟಿನಲ್ಲಿ ಜೈಂಟ್ ಸೆಲ್ ಅಂತ ಬಂದರೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಗಂಟಿದ್ದರೆ ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಮಾಡಿಸಿ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗ ದವಡೆ ಎಲುಬಿನಲ್ಲಿ ಬರುವ ಗಂಟೂ ಸೂಕ್ಷ್ಮದರ್ಶಕದಲ್ಲಿ ಹೀಗೇ ಕಾಣುತ್ತದೆ. ಕಿಡ್ನಿ ಫೇಲ್ಯೂರ್ ಇರುವವರಲ್ಲಿ ಇದನ್ನು ಮರೆಯಲೇಬಾರದು.

ಮನೆಗೆ ಹೋದ ಮೇಲೆ ಮೊದಲ ದಿನ ಬಾಯಿ ಜೋರಾಗಿ ಮುಕ್ಕಳಿಸಬೇಡಿ, ಉಗುಳುತ್ತಾ ಇರಬೇಡಿ, ಹೆಪ್ಪು ಕಿತ್ತು ಬರುತ್ತದೆ. ತಣ್ಣಗಿನ ಮೊಸರನ್ನ, ಆರಿದ ರಾಗಿ ಗಂಜಿ, ಇಡ್ಲಿ ಸಾಕು. ದಾವಣಗೆರೆಯವರಿಗೆ ಮಂಡಕ್ಕಿ ಮಿರ್ಚಿ ಬಿಡಿ ಅನ್ನುವುದು ಕಷ್ಟ, ಆದರೂ ಎರಡು ವಾರ ಬಿಡಿ. ಮಂಡಕ್ಕಿಯ ಚೂರು ಗಾಯದೊಳಗೆ ಹೋಗಿ ಕೂತರೆ ತೆಗೆಯುವುದು ಕಷ್ಟ. ಮರುದಿನದಿಂದ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ದಿನಕ್ಕೆ ಎರಡು ಸಲ. ಪೇಸ್ಟ್ ಹಾಕಿ ಬ್ರಶ್ ಮಾಡಿದ ಅರ್ಧ ಗಂಟೆ ಬಿಟ್ಟು ಬಳಸಿ, ಇಲ್ಲದಿದ್ದರೆ ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಬೇಡ, ಹಲ್ಲಿಗೆ ಕಂದು ಕಲೆ ಬರುತ್ತದೆ. ಬಂದರೂ ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ಏನಾದರೂ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಆದರೆ ನೀವಾಗಿ ನಿಲ್ಲಿಸಬೇಡಿ.

ನಿಮ್ಮ ಡೆಂಟಿಸ್ಟ್ ಹೇಳಿರಲಿಕ್ಕಿಲ್ಲ ಅನ್ನುವ ಒಂದು ವಿಷಯ ಇದೆ. ಗಂಟು ಇದ್ದದ್ದು ಮುಂದಿನ ಹಲ್ಲುಗಳ ನಡುವೆ. ಬುಡದವರೆಗೂ ತೆಗೆದ ಮೇಲೆ ಅಲ್ಲಿ ಒಸಡು ಸ್ವಲ್ಪ ತಗ್ಗಬಹುದು, ಹಲ್ಲುಗಳ ನಡುವೆ ಸಣ್ಣ ಕಪ್ಪು ಸಂದು ಕಾಣಬಹುದು. ನಗುವಾಗ ಒಸಡು ಕಾಣುವವರಿಗೆ ಇದು ಬೇಜಾರು. ದೊಡ್ಡ ಗಂಟಾದರೆ ಪಕ್ಕದ ಒಸಡನ್ನೇ ಸರಿಸಿ ಮುಚ್ಚುವ ಅಥವಾ ಅಂಗುಳಿನಿಂದ ತೆಳು ಮಾಂಸ ತಂದು ಹೊಲಿಯುವ ವಿಧಾನ ಇದೆ. ಅದು ಒಸಡಿನ ತಜ್ಞರ, ಅಂದರೆ ಪೆರಿಯೊಡಾಂಟಿಸ್ಟರ ಕೆಲಸ. ಮೊದಲೇ ಕೇಳಿಕೊಂಡಿರಿ. ಅಂದ ಕೆಡುತ್ತದೆ ಅಂತ ಬುಡದಲ್ಲಿ ಸ್ವಲ್ಪ ಬಿಟ್ಟು ತೆಗೆಯಿರಿ ಅಂತ ಮಾತ್ರ ಕೇಳಬೇಡಿ.

ಯಾಕೆಂದರೆ ಅಕ್ಕನ ಸ್ನೇಹಿತೆಗೆ ಮತ್ತೆ ಬಂದದ್ದು ಬಹುಶಃ ಹಾಗೇ. ಇವು ಮರಳಿ ಬರುವ ಗಂಟುಗಳು ಅನ್ನುವುದು ನಿಜ. ಪಯೋಜೆನಿಕ್ ಗ್ರಾನ್ಯುಲೋಮಾ, ಆಸಿಫೈಯಿಂಗ್ ಫೈಬ್ರೋಮಾ ಎರಡರಲ್ಲೂ ಆರು ಏಳು ಜನರಲ್ಲಿ ಒಬ್ಬರಿಗೆ ಮತ್ತೆ ಬಂದದ್ದು ವರದಿಯಾಗಿದೆ. ಆದರೆ ಹಣೆಬರಹ ಅಂದುಕೊಳ್ಳಬೇಡಿ, ಕಾರಣ ಇದೆ. ಒಂದು, ಮೇಲಿಂದ ಮೇಲೆ ಸವರಿ ಬುಡ ಬಿಟ್ಟಿರುತ್ತಾರೆ. ಎರಡು, ಗಂಟು ತೆಗೆದರು, ಅದನ್ನು ಬೆಳೆಸಿದ ಪಾಚಿ, ಅಂಚು ಎದ್ದ ಫಿಲ್ಲಿಂಗ್, ಸರಿ ಕೂರದ ಕ್ಯಾಪ್ ಅಲ್ಲೇ ಬಿಟ್ಟರು. ಚಪ್ಪಲಿಯೊಳಗೆ ಕಲ್ಲು ಇಟ್ಟುಕೊಂಡು ಕಾಲಿಗೆ ಮುಲಾಮು ಹಚ್ಚಿದಂತೆ. ನಾನು ಕತ್ತರಿಸುವುದಕ್ಕೆ ಎಷ್ಟು ಹೊತ್ತು ತಗೊಳ್ಳುತ್ತೇನೋ ಅದಕ್ಕಿಂತ ಜಾಸ್ತಿ ಹೊತ್ತು ಆ ಎರಡು ಬೇರುಗಳನ್ನು ಸ್ವಚ್ಛ ಮಾಡಲು ತಗೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಚಿಕಿತ್ಸೆ ಅದೇ. ಕೆಲವರಿಗೆ ಮೊದಲು ಬರೀ ಕ್ಲೀನಿಂಗ್ ಮಾಡಿ ಎರಡು ವಾರ ಬಿಟ್ಟು ಕರೆಸಿದರೆ ಊತ ಇಳಿದು ಗಂಟು ಅರ್ಧಕ್ಕೆ ಬಂದಿರುತ್ತದೆ, ಆಮೇಲೆ ತೆಗೆಯುವುದೂ ಸುಲಭ, ರಕ್ತವೂ ಕಡಿಮೆ. ನಿಮ್ಮ ಡೆಂಟಿಸ್ಟ್ ಮೊದಲು ಕ್ಲೀನಿಂಗ್ ಮಾಡೋಣ ಅಂದರೆ ಅದು ದಿನ ತಳ್ಳುವ ಮಾತಲ್ಲ, ಒಪ್ಪಿಕೊಳ್ಳಿ. ಮತ್ತೆ ಬಂದರೂ ಅದು ಕ್ಯಾನ್ಸರ್ ಆಗಿದೆ ಅಂತ ಅಲ್ಲ. ಇನ್ನೊಮ್ಮೆ, ಇನ್ನಷ್ಟು ಆಳವಾಗಿ ತೆಗೆದು, ಇನ್ನೊಮ್ಮೆ ಲ್ಯಾಬಿಗೆ ಕಳಿಸಬೇಕು. ಒಮ್ಮೆ ಕಳಿಸಿದ್ದೇವಲ್ಲ ಅಂತ ಬಿಡುವ ಹಾಗಿಲ್ಲ.

ಈಗ ಅತ್ತೆಯವರು. ಒಂದು ಗಂಟಲ್ಲ, ಎಲ್ಲಾ ಕಡೆ ಒಸಡು ದಪ್ಪ, ಮತ್ತೆ ಬಿಪಿ ಮಾತ್ರೆ. ಮಾತ್ರೆಯ ಚೀಟಿ ನೋಡಿ. ಅಮ್ಲೊಡಿಪಿನ್ ಅಥವಾ ನಿಫೆಡಿಪಿನ್ ಅಂತ ಇದೆಯಾ? ಹೆಸರಿನ ಕೊನೆಗೆ ಡಿಪಿನ್ ಬರುವ ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಸಡು ಬೆಳೆಯುತ್ತದೆ. ನಿಫೆಡಿಪಿನ್‌ನಲ್ಲಿ ಜಾಸ್ತಿ, ಅಮ್ಲೊಡಿಪಿನ್‌ನಲ್ಲಿ ಕಡಿಮೆ, ಆದರೆ ನಮ್ಮಲ್ಲಿ ಅಮ್ಲೊಡಿಪಿನ್ ತಗೊಳ್ಳುವವರೇ ಅಷ್ಟು ಜನ ಇರುವುದರಿಂದ ಕ್ಲಿನಿಕ್ಕಿನಲ್ಲಿ ಆಗಾಗ ಕಾಣುತ್ತೇವೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್‌ನಲ್ಲಿ ಇದು ಇನ್ನೂ ಹೆಚ್ಚು, ತಗೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ. 1939ರಲ್ಲೇ ವರದಿಯಾದ ಸಂಗತಿ ಇದು. ಕಿಡ್ನಿ ಬದಲಿಸಿದವರಿಗೆ ಕೊಡುವ ಸೈಕ್ಲೊಸ್ಪೊರಿನ್ ಮೂರನೆಯದು. ಮಾತ್ರೆ ಶುರುವಾಗಿ ಒಂದರಿಂದ ಮೂರು ತಿಂಗಳಲ್ಲಿ ಹಲ್ಲುಗಳ ನಡುವಿನ ಒಸಡು ಉಬ್ಬಲು ಶುರುವಾಗುತ್ತದೆ, ಮುಂದಿನ ಹಲ್ಲುಗಳಲ್ಲಿ ಹೆಚ್ಚು. ಹಲ್ಲೇ ಇಲ್ಲದ ಕಡೆ ಸಾಮಾನ್ಯವಾಗಿ ಬರುವುದಿಲ್ಲ.

ಅವರಿಗೆ ಹೇಳಿ, ಮಾತ್ರೆ ನಿಲ್ಲಿಸಬಾರದು. ಒಸಡು ಉಳಿಸಲು ಹೋಗಿ ಲಕ್ವ ಹೊಡೆಸಿಕೊಳ್ಳುವ ವ್ಯಾಪಾರ ಬೇಡ. ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಒಸಡು ತೋರಿಸಿ, ಬೇರೆ ಗುಂಪಿನ ಮಾತ್ರೆಗೆ ಬದಲಿಸಲು ಆಗುತ್ತದಾ ಕೇಳಿ. ಬಿಪಿಗೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ತರಹದ ಬೇರೆ ಮಾತ್ರೆಗಳು ಇವೆ, ಆದರೆ ಯಾರಿಗೆ ಯಾವುದು ಅನ್ನುವುದು ಅವರೇ ತೀರ್ಮಾನಿಸಬೇಕು. ಜೊತೆಗೆ ಪೂರ್ತಿ ಕ್ಲೀನಿಂಗ್. ಔಷಧಿ ಒಂದೇ ಕಾರಣ ಅಲ್ಲ, ಪಾಚಿ ಇದ್ದ ಬಾಯಲ್ಲಿ ಅದು ಜೋರಾಗುತ್ತದೆ. ಮಾತ್ರೆ ಬದಲಾಗಿ, ಬಾಯಿ ಸ್ವಚ್ಛವಾದ ಮೇಲೆ ಕೆಲವು ತಿಂಗಳಲ್ಲಿ ಒಸಡು ತಾನೇ ಎಷ್ಟೋ ಇಳಿಯುತ್ತದೆ. ಉಳಿದದ್ದು ಬ್ರಶ್ಶಿಗೆ ಅಡ್ಡಿಯಾದರೆ ಮಾತ್ರ ಕತ್ತರಿ. ಅವರು ಎಲೆ ಅಡಿಕೆ ಹಾಕುವವರಾದರೆ, ಅದರಲ್ಲೂ ಹೊಗೆಸೊಪ್ಪು ಸೇರಿಸಿ ಹಾಕುವವರಾದರೆ, ಬಾಯಿ ಪೂರ್ತಿ ನೋಡಿಸಿ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಕಲೆ ಇದೆಯಾ, ಬಾಯಿ ಪೂರ್ತಿ ತೆರೆಯಲು ಬರುತ್ತದಾ ನೋಡಬೇಕು.

ಕಾಯದೆ ಓಡಬೇಕಾದ ಲಕ್ಷಣಗಳೂ ಇವೆ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಅದರ ಅಂಚು ಗಟ್ಟಿ, ಗಂಟಿನ ಹತ್ತಿರದ ಹಲ್ಲು ಕಾರಣವಿಲ್ಲದೆ ಅಲುಗಾಡುವುದು, ಹಲ್ಲು ಕೀಳಿಸಿದ ಗುಣಿ ವಾರಗಟ್ಟಲೆ ತುಂಬದೆ ಮಾಂಸ ಮೇಲೆದ್ದು ಬರುವುದು, ತುಟಿ ಗಲ್ಲ ಮರಗಟ್ಟಿದಂತಾಗುವುದು, ಕುತ್ತಿಗೆಯಲ್ಲಿ ಗಟ್ಟಿ ಗಂಟು. ಇವುಗಳಲ್ಲಿ ಒಂದಿದ್ದರೂ ಕ್ಲೀನಿಂಗ್ ಮಾಡಿ ನೋಡೋಣ ಅಂತ ದಿನ ಕಳೆಯಬಾರದು, ಮೊದಲು ಬಯಾಪ್ಸಿ. ನೀವು ಬರೆದದ್ದರಲ್ಲಿ ಇವು ಯಾವುದೂ ಇಲ್ಲ.

ಇನ್ನು ಎಲ್ಲಿ ಮಾಡಿಸುವುದು. ನಿಮ್ಮ ಊರಿನಲ್ಲೇ ಡೆಂಟಲ್ ಕಾಲೇಜುಗಳಿವೆ, ಬೇರೆಲ್ಲೂ ಹೋಗಬೇಕಿಲ್ಲ. ಕಾಲೇಜಿನ ಅನುಕೂಲ ಏನೆಂದರೆ ಒಸಡಿನ ವಿಭಾಗವೂ ಅಲ್ಲೇ, ಮಾಂಸ ಪರೀಕ್ಷಿಸುವ ಓರಲ್ ಪೆಥಾಲಜಿ ವಿಭಾಗವೂ ಅದೇ ಕಟ್ಟಡದಲ್ಲಿ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ. ಸರದಿಯಲ್ಲಿ ಕಾಯಬೇಕು, ಕಲಿಯುವ ಹುಡುಗರು ನಾಲ್ಕು ಜನ ಇಣುಕಿ ನೋಡುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು. ನಿಮ್ಮ ಈಗಿನ ಡೆಂಟಿಸ್ಟ್ ಮೇಲೆ ನಂಬಿಕೆ ಇದ್ದರೆ ಅಲ್ಲೇ ಮಾಡಿಸಿ, ನನಗೆ ಅವರ ಸಲಹೆಯಲ್ಲಿ ತಪ್ಪು ಕಾಣಲಿಲ್ಲ. ಎಕ್ಸ್‌ರೇ ಆಗಿದೆಯಾ, ಮಾಂಸ ಯಾವ ಲ್ಯಾಬಿಗೆ ಹೋಗುತ್ತದೆ, ಬೇರು ಕ್ಲೀನ್ ಮಾಡುತ್ತೀರಾ, ಈ ಮೂರು ಮಾತ್ರ ಕೇಳಿಕೊಂಡು ದಿನ ಗೊತ್ತು ಮಾಡಿ. ಆಮೇಲೆ ಒಂದು ವಾರಕ್ಕೆ ಪ್ಯಾಕ್ ತೆಗೆಸಲು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ ಹೋಗಿ ತೋರಿಸಿ. ರಿಪೋರ್ಟಿನ ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟಿರಿ, ಅಕಸ್ಮಾತ್ ಮತ್ತೆ ಬಂದರೆ ಮುಂದಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.